ಡಾ. ಇಗ್ನಾಜ್ ಸೆಮ್ಮೆಲ್‌ವೈಸ್ (1818–1865): ಸಂಕ್ಷಿಪ್ತ ಜೀವನ ಪರಿಚಯ

ಆಸ್ಪತ್ರೆಯಲ್ಲಿ ಸಂಭವಿಸುವ ಪ್ರತಿಯೊಂದು ಜನನ ಹಾಗೂ ಮರಣವನ್ನು ವಹಿಯಲ್ಲಿ ನಮೂದಿಸುವುದು ಪ್ರಮಾಣಪತ್ರ ನೀಡುವ ಸಲುವಾಗಿ ಮಾತ್ರವೆಂದು ಸಾರ್ವಜನಿಕರಲ್ಲಿ ಅನೇಕರು ಭಾವಿಸುವುದುಂಟು. ಅಂತಹ ವಹಿಗಳನ್ನು ಎದುರಿಗಿಟ್ಟುಕೊಂಡು, ತಾವೇ ಕೆಲಸ ಮಾಡುತ್ತಿದ್ದ ವಿಭಾಗದ ದೋಷವನ್ನು ಪತ್ತೆ ಹಚ್ಚಿದ ವೈದ್ಯರೊಬ್ಬರ ಜೀವನ ವಿವರಗಳನ್ನು ಈ ಕೆಳಗೆ ನೀಡಲಾಗಿದೆ.

ಇಗ್ನಾಜ್ ಸೆಮ್ಮೆಲ್‌ವೈಸ್ ಅವರು 1818ರ ಜುಲೈ 1ರಂದು ಹಂಗೇರಿಯ ಬುಡಾ ನಗರದ ವರ್ತಕ ಕುಟುಂಬವೊಂದರಲ್ಲಿ ಜನಿಸಿದರು. ಮೊದಲು ಕಾನೂನು ವ್ಯಾಸಂಗಕ್ಕೆ ಸೇರಿದ್ದ ಅವರು ಅನಂತರ ವೈದ್ಯಶಾಸ್ತ್ರದ ಕಡೆಗೆ ತಿರುಗಿ, 1844ರಲ್ಲಿ ವಿಯೆನ್ನಾದಲ್ಲಿ ಪದವಿ ಪಡೆದರು. 1846ರಲ್ಲಿ ವಿಯೆನ್ನಾ ಸಾರ್ವಜನಿಕ ಆಸ್ಪತ್ರೆಯ ಒಂದನೆಯ ಹೆರಿಗೆ ವಿಭಾಗದಲ್ಲಿ ಪ್ರಾಧ್ಯಾಪಕ ಯೋಹಾನ್ ಕ್ಲೈನ್ ಅವರ ಸಹಾಯಕರಾಗಿ ನೇಮಕಗೊಂಡರು. ರೋಗಿಗಳ ತಪಾಸಣೆ ಹಾಗೂ ವಿದ್ಯಾರ್ಥಿಗಳ ತರಬೇತಿಯೊಂದಿಗೆ ವಿಭಾಗದ ದಾಖಲೆಗಳ ನಿರ್ವಹಣೆಯೂ ಅವರ ಕರ್ತವ್ಯವಾಗಿತ್ತು.

ಸದರಿ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದನೆಯದು ವೈದ್ಯ ವಿದ್ಯಾರ್ಥಿಗಳ ತರಬೇತಿಗೆ, ಎರಡನೆಯದು ಸೂಲಗಿತ್ತಿಯರ ತರಬೇತಿಗೆ ಮೀಸಲಾಗಿದ್ದವು. ಗರ್ಭಿಣಿಯು ಬಂದ ದಿನವನ್ನು ಅನುಸರಿಸಿ ಯಾವ ವಿಭಾಗಕ್ಕೆ ದಾಖಲು ಎಂಬುದು ನಿರ್ಧಾರವಾಗುತ್ತಿತ್ತು. 1841ರಿಂದ 1846ರವರೆಗಿನ ಆರು ವರ್ಷಗಳಲ್ಲಿ ಒಂದನೆಯ ವಿಭಾಗದಲ್ಲಿ 20,042 ಹೆರಿಗೆಗಳಿಗೆ 1,989 ತಾಯಂದಿರು ಮೃತರಾದರೆ, ಎರಡನೆಯದರಲ್ಲಿ 17,791 ಹೆರಿಗೆಗಳಿಗೆ 691 ಮಂದಿ ಮೃತರಾಗಿದ್ದರು. ಬಹುಪಾಲು ಮರಣಗಳಿಗೆ ಬಾಣಂತಿ ಜ್ವರವೇ ಕಾರಣ. ಈ ಅಂತರವು ನಗರದ ಬಡ ಹೆಂಗಸರಿಗೂ ತಿಳಿದಿತ್ತು. ಒಂದನೆಯ ವಿಭಾಗದ ದಿನ ಬಂದವರು ತಮ್ಮನ್ನು ಎರಡನೆಯದಕ್ಕೆ ಸೇರಿಸಬೇಕೆಂದು ಕಾಲು ಹಿಡಿದು ಬೇಡುತ್ತಿದ್ದರು. ದಾರಿಯಲ್ಲಿಯೇ ಹೆತ್ತು ಬಂದವರಿಗೆ ಜ್ವರ ಬರುವುದು ಅಪರೂಪವಾಗಿತ್ತೆಂಬುದು ವಿಶೇಷವಾಗಿ ಗಮನಾರ್ಹ.

ಕೆಟ್ಟ ಗಾಳಿ, ಜನದಟ್ಟಣೆ, ಭಯ ಮುಂತಾದ ಕಾರಣಗಳನ್ನು ಆಗಿನ ವೈದ್ಯರು ಹೇಳುತ್ತಿದ್ದರು. ಸೆಮ್ಮೆಲ್‌ವೈಸ್ ಅವರು ಇವುಗಳನ್ನು ಒಂದೊಂದಾಗಿ ಪರಿಶೀಲಿಸಿದರು. ದಟ್ಟಣೆಯು ಎರಡನೆಯ ವಿಭಾಗದಲ್ಲೇ ಹೆಚ್ಚಿತ್ತು. ಮರಣಶಯ್ಯೆಯಲ್ಲಿದ್ದವರ ಬಳಿಗೆ ಗಂಟೆ ಬಾರಿಸುತ್ತಾ ಹೋಗುತ್ತಿದ್ದ ಪಾದ್ರಿಗಳಿಂದ ಭಯವುಂಟಾಗುತ್ತದೆಯೇ ಎಂದು ಗಂಟೆ ನಿಲ್ಲಿಸಿ, ಅವರ ದಾರಿಯನ್ನೂ ಬದಲಿಸಿ ನೋಡಲಾಯಿತು. ಮರಣ ಇಳಿಯಲಿಲ್ಲ.

1847ರ ಮಾರ್ಚ್‌ನಲ್ಲಿ ಅವರ ಸ್ನೇಹಿತರಾದ ಪ್ರಾಧ್ಯಾಪಕ ಕೊಲೆಟ್ಷ್ಕಾ ಅವರು ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚಾಕು ಬೆರಳಿಗೆ ತಗುಲಿ ನಿಧನರಾದರು. ಅವರ ದೇಹದಲ್ಲಿ ಕಂಡುಬಂದ ಲಕ್ಷಣಗಳು ಬಾಣಂತಿ ಜ್ವರದಿಂದ ಸತ್ತವರ ಲಕ್ಷಣಗಳನ್ನೇ ಹೋಲುತ್ತಿದ್ದವು. ವೈದ್ಯರು ಹಾಗೂ ವಿದ್ಯಾರ್ಥಿಗಳು ಶವಾಗಾರದಿಂದ ನೇರವಾಗಿ ಹೆರಿಗೆ ಕೊಠಡಿಗೆ ಬರುತ್ತಿದ್ದರು. ಸೂಲಗಿತ್ತಿಯರು ಶವ ಮುಟ್ಟುತ್ತಿರಲಿಲ್ಲ. ಬೋಧನೆಗೆ ಶವಪರೀಕ್ಷೆ ಸೇರದಿದ್ದ 1823ಕ್ಕೆ ಹಿಂದಿನ ವಹಿಗಳಲ್ಲಿ ಮರಣವು ಶೇ. 1ರ ಆಸುಪಾಸಿನಲ್ಲಿತ್ತು. ಹಾಗಾದರೆ ಈ ಸಾವುಗಳನ್ನು ಹೊತ್ತು ತಂದದ್ದು ವೈದ್ಯರ ಕೈಗಳೇ. ಅವುಗಳಲ್ಲಿ ತಮ್ಮ ಕೈಯೂ ಸೇರಿತ್ತೆಂಬುದನ್ನು ಅವರು ಮುಂದೆ ಬರಹದಲ್ಲಿಯೇ ಒಪ್ಪಿಕೊಂಡರು.

1847ರ ಮೇ ಮಧ್ಯಭಾಗದಿಂದ, ತಪಾಸಣೆಗೆ ಮುನ್ನ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವುದನ್ನು ಕಡ್ಡಾಯಗೊಳಿಸಲಾಯಿತು. ಏಪ್ರಿಲ್‌ನಲ್ಲಿ 312 ಹೆರಿಗೆಗಳಿಗೆ 57 ಮರಣಗಳಾಗಿದ್ದರೆ, ಜುಲೈನಲ್ಲಿ 250 ಹೆರಿಗೆಗಳಿಗೆ 3 ಮಾತ್ರ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮತ್ತೊಂದು ಆಘಾತ ಎದುರಾಯಿತು. ಗರ್ಭಕೋಶದ ಕ್ಯಾನ್ಸರ್ ಇದ್ದ ಸ್ತ್ರೀಯೊಬ್ಬಳ ತಪಾಸಣೆಯ ನಂತರ ಅದೇ ಸಾಲಿನಲ್ಲಿ ತಪಾಸಣೆಗೊಳಗಾದವರ ಪೈಕಿ 11 ಮಂದಿ ಸತ್ತರು. ಜೀವಂತ ರೋಗಿಯಿಂದಲೂ ಸೋಂಕು ಹರಡುವುದೆಂದು ಇದರಿಂದ ತಿಳಿದು, ಪ್ರತಿಯೊಬ್ಬ ರೋಗಿಯ ತಪಾಸಣೆಯ ನಡುವೆಯೂ ಕೈ ತೊಳೆಯುವ ನಿಯಮ ಜಾರಿಗೆ ಬಂದಿತು. 1848ರ ಮಾರ್ಚ್ ಹಾಗೂ ಆಗಸ್ಟ್ ತಿಂಗಳುಗಳಲ್ಲಿ ಒಂದನೆಯ ವಿಭಾಗದಲ್ಲಿ ಒಬ್ಬ ಬಾಣಂತಿಯೂ ಸಾಯಲಿಲ್ಲ.

ಇಷ್ಟಾದರೂ 1849ರಲ್ಲಿ ಅವರ ಸೇವಾವಧಿಯನ್ನು ಮುಂದುವರಿಸಲಿಲ್ಲ. ಮರುವರ್ಷ ಬೋಧನೆಗೆ ಅನುಮತಿ ದೊರೆತರೂ, ಶವದ ಮೇಲಲ್ಲದೆ ಬೊಂಬೆಯ ಮೇಲೆ ಮಾತ್ರ ಪಾಠ ಹೇಳಬೇಕೆಂಬ ಷರತ್ತು ವಿಧಿಸಲಾಯಿತು. ಅವರು ಯಾರಿಗೂ ತಿಳಿಸದೆ ಪೆಸ್ಟ್ ನಗರಕ್ಕೆ ಹೊರಟುಹೋದರು. ಅಲ್ಲಿನ ಸಂತ ರೋಕಸ್ ಆಸ್ಪತ್ರೆಯಲ್ಲಿ 1851ರಿಂದ 1855ರವರೆಗೆ 933 ಹೆರಿಗೆಗಳಿಗೆ 8 ಮಂದಿ ಮಾತ್ರ ಈ ಜ್ವರದಿಂದ ಮೃತರಾದರು. 1855ರಲ್ಲಿ ಪೆಸ್ಟ್ ವಿಶ್ವವಿದ್ಯಾಲಯದ ಪ್ರಸೂತಿಶಾಸ್ತ್ರ ಪ್ರಾಧ್ಯಾಪಕ ಹುದ್ದೆ ದೊರೆಯಿತು.

ಅವರಿಂದಲೂ ತಪ್ಪಾಗದೆ ಇರಲಿಲ್ಲ. ಇಷ್ಟು ಸ್ಪಷ್ಟವಾದ ಲೆಕ್ಕವಿದ್ದರೂ ವಿವರವಾದ ಗ್ರಂಥವನ್ನು ಪ್ರಕಟಿಸಿದ್ದು 1861ರಲ್ಲಿ, ಅಂದರೆ ಹದಿನಾಲ್ಕು ವರ್ಷಗಳ ನಂತರ. ಅದಕ್ಕೆ ವಿರೋಧ ಬಂದಾಗ ಯೂರೋಪಿನ ಪ್ರಸಿದ್ಧ ಪ್ರಾಧ್ಯಾಪಕರನ್ನು ಕೊಲೆಗಾರರೆಂದು ದೂರಿ ಬಹಿರಂಗ ಪತ್ರಗಳನ್ನು ಬರೆದರು. ಅಷ್ಟು ಹೊತ್ತಿಗೆ ಸತ್ತವರ ಸಂಖ್ಯೆಯನ್ನು ನೆನೆದರೆ ಅವರ ಕೋಪ ಅಕಾರಣವಾದುದೆಂದು ಹೇಳಲಾಗದು. ಆದರೆ ಒಪ್ಪಬಹುದಾಗಿದ್ದವರೂ ಅದರಿಂದ ದೂರ ಸರಿದರು.

1865ರ ಜುಲೈನಲ್ಲಿ ಅವರನ್ನು ವಿಯೆನ್ನಾದ ಮಾನಸಿಕ ರೋಗಿಗಳ ಆಸ್ಪತ್ರೆಗೆ ಸೇರಿಸಲಾಯಿತು. ಎರಡು ವಾರಗಳಲ್ಲಿ, ಆಗಸ್ಟ್ 13ರಂದು, 47ನೆಯ ವಯಸ್ಸಿನಲ್ಲಿ ನಿಧನರಾದರು. ಗಾಯವೊಂದರಿಂದ ಹರಡಿದ ರಕ್ತದ ನಂಜು ಅವರ ಸಾವಿಗೆ ಕಾರಣವೆಂದು ದಾಖಲಾಗಿದೆ. 1879ರಲ್ಲಿ ಲೂಯಿ ಪಾಶ್ಚರ್ ಅವರು ಬಾಣಂತಿ ಜ್ವರದ ರೋಗಾಣುವನ್ನು ತೋರಿಸಿಕೊಟ್ಟರು. ಬುಡಾಪೆಸ್ಟಿನ ವೈದ್ಯಕೀಯ ವಿಶ್ವವಿದ್ಯಾಲಯಕ್ಕೆ 1969ರಲ್ಲಿ ಸೆಮ್ಮೆಲ್‌ವೈಸ್ ಅವರ ಹೆಸರನ್ನು ಇಡಲಾಯಿತು. ಅವರು ಹುಟ್ಟಿದ ಮನೆಯು ವೈದ್ಯಕೀಯ ಇತಿಹಾಸದ ವಸ್ತುಸಂಗ್ರಹಾಲಯವಾಗಿದೆ. ಅವರ ಸಂಶೋಧನೆಗೆ ಸಂಬಂಧಿಸಿದ ದಾಖಲೆಗಳನ್ನು ಯುನೆಸ್ಕೊ ಸಂಸ್ಥೆಯು 2013ರಲ್ಲಿ ವಿಶ್ವ ಸ್ಮೃತಿ ಪಟ್ಟಿಗೆ ಸೇರಿಸಿತು.