ಕೆಂಪು ಅಕ್ಷರ ಬರೆದ ತಂದೆ, ಕನ್ಯಾಸ್ತ್ರೀಯಾದ ಮಗಳು

ವ್ಯಭಿಚಾರದ ಕಥೆಯುಳ್ಳ ಕಾದಂಬರಿಯೊಂದನ್ನು ಶಾಲೆಯಲ್ಲಿ ಪಾಠವಾಗಿ ಇಟ್ಟರೆ ಕ್ರೈಸ್ತ ತಂದೆತಾಯಿಗಳಾದ ನೀವು ಏನು ಹೇಳುವಿರಿ? ಅಮೆರಿಕದ ಎಷ್ಟೋ ಹೈಸ್ಕೂಲುಗಳಲ್ಲಿ, ಕಥೋಲಿಕ ಶಾಲೆಗಳಲ್ಲಿ ಸಹ, ಮಕ್ಕಳು ಅಂಥ ಒಂದು ಪುಸ್ತಕವನ್ನು ಓದುತ್ತಾರೆ. ಅದರ ಹೆಸರು ‘ದಿ ಸ್ಕಾರ್ಲೆಟ್ ಲೆಟರ್’, ಅಂದರೆ ಕೆಂಪು ಅಕ್ಷರ. ಬರೆದವರು ನಥಾನಿಯಲ್ ಹಾಥಾರ್ನ್. ಅದನ್ನು ಮಕ್ಕಳ ಕೈಗೆ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವ ಮುನ್ನ ಅವರ ಬಾಳನ್ನು ಸ್ವಲ್ಪ ತಿಳಿಯೋಣ.

ಹಾಥಾರ್ನ್ ಹುಟ್ಟಿದ್ದು 1804ರ ಜುಲೈ 4ರಂದು, ಮ್ಯಾಸಚೂಸೆಟ್ಸ್ ರಾಜ್ಯದ ಸೇಲಂ ಪಟ್ಟಣದಲ್ಲಿ. ಪೂರ್ವಜರು ಪ್ಯೂರಿಟನ್ನರು, ಬಹಳ ಕಟ್ಟುನಿಟ್ಟಿನ ಪ್ರೊಟೆಸ್ಟಂಟರು. ಅದೇ ಊರಿನಲ್ಲಿ 1692ರಲ್ಲಿ ಮಾಟ ಮಾಡಿದರೆಂಬ ಆರೋಪ ಹೊರಿಸಿ 19 ಜನರನ್ನು ಗಲ್ಲಿಗೇರಿಸಿದ್ದರು. ಆ ನ್ಯಾಯಾಧೀಶರಲ್ಲಿ ಒಬ್ಬನು ಹಾಥಾರ್ನರ ಮುತ್ತಜ್ಜನ ತಂದೆ. ದೇವರ ಹೆಸರಿನಲ್ಲಿ ನಿರಪರಾಧಿಗಳ ಪ್ರಾಣ ತೆಗೆದ ಈ ನೆನಪು ಲೇಖಕರನ್ನು ಬಹುಕಾಲ ಕಾಡಿತು.

ಹಡಗಿನ ಕಪ್ತಾನನಾಗಿದ್ದ ತಂದೆ ಇವರು ಮಗುವಾಗಿದ್ದಾಗಲೇ ದೂರದೇಶದಲ್ಲಿ ಜ್ವರದಿಂದ ತೀರಿಕೊಂಡರು. 1825ರಲ್ಲಿ ಕಾಲೇಜು ಮುಗಿಸಿ, 1842ರಲ್ಲಿ ಸೋಫಿಯಾ ಪೀಬಾಡಿಯವರನ್ನು ಮದುವೆಯಾದರು. ಸಂಸಾರ ನಡೆಸಲು ಸೇಲಂನ ಸುಂಕದ ಕಚೇರಿಯಲ್ಲಿ ಕೆಲಸಕ್ಕಿದ್ದರು. 1849ರಲ್ಲಿ ಆ ಕೆಲಸ ಹೋಯಿತು. ಅದೇ ಬೇಸಿಗೆಯಲ್ಲಿ ತಾಯಿಯೂ ತೀರಿಕೊಂಡರು. ಆ ದುಃಖದಲ್ಲಿ ಕುಳಿತು ಬರೆದ ಪುಸ್ತಕವೇ 1850ರಲ್ಲಿ ಹೊರಬಂದ ‘ದಿ ಸ್ಕಾರ್ಲೆಟ್ ಲೆಟರ್’.

ಕಥೆ ಹೀಗಿದೆ. ಬೋಸ್ಟನ್ ಊರಿನ ಹೆಸ್ಟರ್ ಎಂಬಾಕೆ ಪತಿಯಿಂದಲ್ಲದ ಮಗುವನ್ನು ಹೆರುತ್ತಾಳೆ. ಶಿಕ್ಷೆಯಾಗಿ ಅವಳು ಎದೆಯ ಮೇಲೆ ಕೆಂಪು ‘ಎ’ ಅಕ್ಷರವನ್ನು ಸದಾ ಧರಿಸಬೇಕು. ಮಗುವಿನ ತಂದೆ ಊರೆಲ್ಲ ಪೂಜ್ಯನೆಂದು ನಂಬಿರುವ ಪಾದ್ರಿ ಡಿಮ್ಸ್‌ಡೇಲ್. ಅವನು ಪಾಪವನ್ನು ಏಳು ವರ್ಷ ಬಚ್ಚಿಟ್ಟು ಒಳಗೊಳಗೇ ಬೇಯುತ್ತಾನೆ. ಹೆಸ್ಟರಳ ಗಂಡನಾದರೋ ಸೇಡಿನಲ್ಲಿಯೇ ಹಾಳಾಗುತ್ತಾನೆ. ಕೊನೆಗೆ ಪಾದ್ರಿ ಜನರೆದುರು ತಪ್ಪೊಪ್ಪಿಕೊಂಡು ಪ್ರಾಣ ಬಿಡುತ್ತಾನೆ. ಹೆಸ್ಟರ್ ಮಾತ್ರ ರೋಗಿಗಳಿಗೂ ನೊಂದ ಹೆಂಗಸರಿಗೂ ಆಸರೆಯಾಗುತ್ತಾಳೆ.

ಹಾಥಾರ್ನ್ ಕಥೋಲಿಕರಾಗಲಿಲ್ಲ. ಆದರೆ 1853ರಿಂದ ಅಮೆರಿಕದ ಕಾನ್ಸಲ್ ಆಗಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿದ್ದ ಅವರು ಆಮೇಲೆ ಕುಟುಂಬದೊಡನೆ ರೋಮಿನಲ್ಲೂ ವಾಸವಾಗಿದ್ದರು. 1860ರ ಕಾದಂಬರಿಯಲ್ಲಿ ಮನಸ್ಸಿನ ಭಾರ ತಾಳಲಾರದ ಪ್ರೊಟೆಸ್ಟಂಟ್ ಹುಡುಗಿಯೊಬ್ಬಳು ಸಂತ ಪೇತ್ರರ ಮಹಾದೇವಾಲಯದಲ್ಲಿ ಗುರುಗಳೊಬ್ಬರ ಮುಂದೆ ಎಲ್ಲವನ್ನೂ ಹೇಳಿ ಹಗುರಾಗುವುದನ್ನು ಚಿತ್ರಿಸಿದರು. ಇಂಗ್ಲೆಂಡಿನಲ್ಲಿ ಒಮ್ಮೆ ಬಡವರ ಆಶ್ರಯಧಾಮವನ್ನು ನೋಡಲು ಹೋದಾಗ ಚರ್ಮರೋಗದ ಮಗುವೊಂದು ಎತ್ತಿಕೋ ಎಂದು ಕೈಚಾಚಿತು. ಸಂಕೋಚದ ಸ್ವಭಾವದ ಅವರಿಗೆ ಹೇಸಿಗೆಯಾಯಿತು, ಆದರೂ ಎತ್ತಿಕೊಂಡರು. ಪುಸ್ತಕದಲ್ಲಿ ಬರೆಯುವಾಗ ಇದನ್ನು ಬೇರೆ ಯಾರೋ ಮಾಡಿದರೆಂದು ಹೇಳಿದರು. 1864ರ ಮೇ 19ರಂದು ಅವರು ನಿಧನರಾದ ಬಳಿಕ ಅವರ ದಿನಚರಿಯಿಂದ ನಿಜ ತಿಳಿಯಿತು.

ಕಿರಿಯ ಮಗಳು ರೋಸ್‌ಗೆ ಆಗ ಇನ್ನೂ ಹದಿಮೂರು ತುಂಬಿರಲಿಲ್ಲ. ಮುಂದೆ ಮದುವೆಯಾಗಿ, 1881ರಲ್ಲಿ ಒಬ್ಬನೇ ಮಗನನ್ನು ಕಳೆದುಕೊಂಡ ಈಕೆ, 1891ರಲ್ಲಿ ಪತಿಯೊಡನೆ ಕಥೋಲಿಕ ಧರ್ಮಸಭೆಯನ್ನು ಸೇರಿದರು. ಕ್ಯಾನ್ಸರ್ ಅಂಟುರೋಗವೆಂದು ಅನೇಕರು ಅಂಜುತ್ತಿದ್ದ 1896ರಲ್ಲಿ ನ್ಯೂಯಾರ್ಕಿನ ಬಡ ಕೇರಿಯಲ್ಲಿ ಕೋಣೆಗಳನ್ನು ಬಾಡಿಗೆಗೆ ಹಿಡಿದು, ಬಿಡಿಗಾಸೂ ಪಡೆಯದೆ ಕ್ಯಾನ್ಸರ್ ರೋಗಿಗಳ ಹುಣ್ಣು ತೊಳೆದರು. ಪತಿಯ ಮರಣಾನಂತರ 1900ರಲ್ಲಿ ಡೊಮಿನಿಕನ್ ಉಡುಪು ಧರಿಸಿ ಮದರ್ ಅಲ್ಫೋನ್ಸಾ ಆದರು. 1926ರಲ್ಲಿ ಪ್ರಭುವಿನ ಬಳಿಗೆ ತೆರಳಿದ ಇವರ ವೀರೋಚಿತ ಸದ್ಗುಣಗಳನ್ನು ಪೋಪ್ ಫ್ರಾನ್ಸಿಸ್‌ರವರು 2024ರಲ್ಲಿ ಅಂಗೀಕರಿಸಿದರು. ರೋಗಿಷ್ಠ ಮಗುವನ್ನು ತಂದೆ ಎತ್ತಿಕೊಂಡ ಆ ಪ್ರಸಂಗವನ್ನು ಈ ಮಗಳು ಬಹಳ ಅಮೂಲ್ಯವೆಂದು ಎಣಿಸಿದ್ದರು.

ಪ್ರಿಯ ಪೋಷಕರೇ, ಪಾಪದ ಕಥೆಯಿದೆ ಎಂದ ಮಾತ್ರಕ್ಕೆ ಪುಸ್ತಕ ಕೆಟ್ಟದ್ದಲ್ಲ. ಹಾಗಾದರೆ ಸಂತ ಯೊವಾನ್ನರ ಶುಭಸಂದೇಶದ 8ನೇ ಅಧ್ಯಾಯವನ್ನೂ ಮುಚ್ಚಿಡಬೇಕಾದೀತು. ಪಾಪ ಸಿಹಿಯೆಂದು ಈ ಲೇಖಕರು ಎಲ್ಲಿಯೂ ತೋರಿಸಲಿಲ್ಲ. ಪಾಪಿಯನ್ನು ಕಲ್ಲೆಸೆಯುವವರ ಕೈಗೂ ಒಪ್ಪಿಸಲಿಲ್ಲ. ನಿಮ್ಮ ಮಗನೋ ಮಗಳೋ ಇಂಥ ಪುಸ್ತಕ ತಂದರೆ ಕಸಿದುಕೊಳ್ಳಬೇಡಿ, ಒಂಟಿಯಾಗಿ ಓದಲೂ ಬಿಡಬೇಡಿ. ನೀವೂ ಓದಿ, ಊಟದ ಹೊತ್ತಿನಲ್ಲಿ ಕೇಳಿ: ಆ ಮೂವರಲ್ಲಿ ದೇವರಿಂದ ಹೆಚ್ಚು ದೂರ ಹೋದವರು ಯಾರು? ಪಾದ್ರಿ ಮೊದಲ ದಿನವೇ ಪಾಪನಿವೇದನೆ ಮಾಡಿದ್ದರೆ ಏನಾಗುತ್ತಿತ್ತು? ಆ ಊರಿನಲ್ಲಿ ನಾವಿದ್ದಿದ್ದರೆ ಹೆಸ್ಟರಳನ್ನು ಮನೆಯೊಳಗೆ ಕರೆಯುತ್ತಿದ್ದೆವೇ? ಈ ಕೊನೆಯ ಪ್ರಶ್ನೆಗೆ ಮೊದಲು ನೀವೇ ಉತ್ತರ ಹೇಳಿ; ಮಕ್ಕಳು ಕೇಳಿಸಿಕೊಳ್ಳಲಿ.