ಸೋದೆಯ ಶ್ರೀವಾದಿರಾಜರು

ಫಾಲ್ಗುಣ ಬಹುಳ ತದಿಗೆ ಸಮೀಪಿಸಿತೆಂದರೆ ಆಸ್ತಿಕರ ಮನಸ್ಸು ಸೋದೆಯ ಕಡೆಗೆ ತಿರುಗುವುದು ಸಹಜವೇ ಆಗಿದೆ. ಉತ್ತರ ಕನ್ನಡ ಜಿಲ್ಲೆಯ ಶಿರಸಿಯ ಸಮೀಪದಲ್ಲಿ, ಅಡಿಕೆ ತೋಟಗಳಿಗೂ ದಟ್ಟವಾದ ಕಾಡಿಗೂ ನಡುವೆ ಇರುವ ಈ ಸಣ್ಣ ಊರು ಒಂದು ಕಾಲಕ್ಕೆ ರಾಜಧಾನಿಯಾಗಿತ್ತು. ಇಂದು ಅಲ್ಲಿ ಅರಮನೆಯ ವೈಭವವಿಲ್ಲ; ಕೋಟೆಯ ಅವಶೇಷಗಳು ಮಾತ್ರ ಇವೆ. ಆದರೂ ಯಾತ್ರಿಕರ ಸಾಲು ನಿಂತಿಲ್ಲ. ಅರಸೊತ್ತಿಗೆ ಅಳಿದ ಮೇಲೂ ಒಂದು ಊರು ಜೀವಂತವಾಗಿ ಉಳಿಯುವುದು ಯಾವುದರಿಂದ ಎಂಬ ಪ್ರಶ್ನೆಗೆ ಶ್ರೀವಾದಿರಾಜ ತೀರ್ಥ ಶ್ರೀಪಾದಂಗಳವರ ಚರಿತ್ರೆಯೇ ಉತ್ತರವಾಗಿದೆ.

ಸಂಪ್ರದಾಯದ ಲೆಕ್ಕದಂತೆ ಶ್ರೀಗಳವರ ಅವತಾರವಾದುದು 1480ರಲ್ಲಿ, ಕುಂದಾಪುರದ ಸೀಮೆಯ ಹೂವಿನಕೆರೆ ಎಂಬ ಗ್ರಾಮದಲ್ಲಿ. ತಂದೆ ರಾಮಾಚಾರ್ಯರು, ತಾಯಿ ಗೌರೀದೇವಿ. ಸಂತಾನವಿಲ್ಲದೆ ಕೊರಗುತ್ತಿದ್ದ ಈ ದಂಪತಿಗಳಿಗೆ ಶ್ರೀವಾಗೀಶತೀರ್ಥರು ಅನುಗ್ರಹಿಸಿ, ಮಗು ಮನೆಯ ಹೊರಗೆ ಜನಿಸಿದರೆ ಅದನ್ನು ಶ್ರೀಮಠಕ್ಕೆ ಒಪ್ಪಿಸಬೇಕೆಂದು ವಿಧಿಸಿದರಂತೆ. ದ್ವಾದಶಿಯ ದಿನ ಪತಿಯು ಪಾರಣೆಗೆ ಕುಳಿತಿದ್ದಾಗ ಗದ್ದೆಗೆ ನುಗ್ಗಿದ ಹಸುವನ್ನು ಅಟ್ಟಲು ಹೋದ ಆ ತಾಯಿಗೆ ಅಲ್ಲಿಯೇ ಪ್ರಸವವಾಯಿತೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಭೂವರಾಹನೆಂಬ ಹೆಸರಿನ ಆ ಬಾಲಕನು ಎಂಟನೆಯ ವಯಸ್ಸಿನಲ್ಲಿಯೇ ಶ್ರೀವಾಗೀಶತೀರ್ಥರಿಂದ ಆಶ್ರಮವನ್ನು ಸ್ವೀಕರಿಸಿ ವಾದಿರಾಜನಾದನು. ಹೊಲದಲ್ಲಿ ಕಣ್ಣು ತೆರೆದ ಕೂಸು ಮುಂದೆ ಶಾಸ್ತ್ರವನ್ನು ಹೊಲ ಮನೆಗಳವರೆಗೂ ಕೊಂಡೊಯ್ದುದು ಭಗವತ್ಸಂಕಲ್ಪವೆಂದೇ ಭಾವಿಸಬೇಕು.

ಶ್ರೀಗಳವರ ಪಾಂಡಿತ್ಯವನ್ನು ವರ್ಣಿಸಲು ಈ ಪುಟ ಸಾಲದು. ಯುಕ್ತಿಮಲ್ಲಿಕೆಯಲ್ಲಿ ದ್ವೈತಸಿದ್ಧಾಂತವನ್ನು ಯುಕ್ತಿಬದ್ಧವಾಗಿ ಸ್ಥಾಪಿಸಿದರು. 19 ಸರ್ಗಗಳ ರುಕ್ಮಿಣೀಶವಿಜಯ ಮಹಾಕಾವ್ಯವನ್ನು ರಚಿಸಿದರು. ಮಹಾಭಾರತದ ಕಠಿಣ ಪದಗಳಿಗೆ ಲಕ್ಷಾಲಂಕಾರವೆಂಬ ವ್ಯಾಖ್ಯಾನವನ್ನು ಬರೆದರು. ದೇಶವನ್ನೆಲ್ಲ ಸಂಚರಿಸಿ, ಪಶ್ಚಿಮ, ಉತ್ತರ, ಪೂರ್ವ, ದಕ್ಷಿಣ ಎಂಬ ನಾಲ್ಕು ಭಾಗಗಳಲ್ಲಿ ತೀರ್ಥಪ್ರಬಂಧವನ್ನು ರಚಿಸಿ, ಆಯಾ ಊರಿನ ದೇವರನ್ನೂ ನದಿಯನ್ನೂ ಸ್ತುತಿಸಿದರು. ಈ ಗ್ರಂಥವು ಆರಂಭವಾಗುವುದು ತಮ್ಮದೇ ಪಶ್ಚಿಮ ಸೀಮೆಯಿಂದ ಎಂಬುದು ಗಮನಾರ್ಹ. ಕಾಶಿ ಬದರಿಗಳನ್ನು ಕಂಡವರು ನೆರೆಯ ಊರಿನ ಗುಡಿಯನ್ನು ಅಲ್ಪವೆಂದು ಎಣಿಸಲಿಲ್ಲ.

ಸಂಸ್ಕೃತದಲ್ಲಿ ಇಷ್ಟು ಸಾಧಿಸಿದ ಯತಿಗಳು ಅಷ್ಟಕ್ಕೇ ತೃಪ್ತರಾಗಬಹುದಿತ್ತು. ಆ ಕಾಲದಲ್ಲಿ ಶಾಸ್ತ್ರವನ್ನು ದೇಶಭಾಷೆಯಲ್ಲಿ ಹೇಳುವುದನ್ನು ಕೀಳೆಂದು ಬಗೆದವರೂ ಇದ್ದರು. ಶ್ರೀಗಳವರಾದರೋ ಹಯವದನನ ಅಂಕಿತದಲ್ಲಿ ಕನ್ನಡ ಕೃತಿಗಳನ್ನು ಹಾಡಿದರು. ವೈಕುಂಠವರ್ಣನೆ, ಗುಂಡಕ್ರಿಯೆ ಮೊದಲಾದುವನ್ನು ರಚಿಸಿದರು. ತುಳುನಾಡಿನ ಜನರಿಗಾಗಿ ತುಳುವಿನಲ್ಲಿಯೂ ಹಾಡು ಕಟ್ಟಿದರೆಂದು ಪ್ರತೀತಿಯಿದೆ. ಲಕ್ಷ್ಮೀಶೋಭಾನವಂತೂ ಮದುವೆಯ ಮನೆಯ ಹಾಡಾಗಿಯೇ ನಿಂತಿತು. ಸಮುದ್ರಮಥನ, ಲಕ್ಷ್ಮೀದೇವಿಯ ಆವಿರ್ಭಾವ, ಆಕೆ ದೇವತೆಗಳ ದೋಷಗಳನ್ನು ವಿಮರ್ಶಿಸಿ ನಿರ್ದುಷ್ಟನಾದ ಹರಿಯನ್ನೇ ವರಿಸುವುದು, ಇವೆಲ್ಲವೂ ಅಲ್ಲಿ ಕಥೆಯಾಗಿ ಬರುತ್ತವೆ. ಹರಿಸರ್ವೋತ್ತಮತ್ವ ಮತ್ತು ತಾರತಮ್ಯಗಳನ್ನು ಪಾಠಶಾಲೆಗೆ ಹೋಗದ ಗೃಹಿಣಿಯೂ ಆರತಿಯ ತಟ್ಟೆಯನ್ನು ಹಿಡಿದುಕೊಂಡೇ ಕಲಿತಳು. ವಿನೋದಕ್ಕೂ ಉಪದೇಶಕ್ಕೂ ನಡುವೆ ಗೋಡೆಯಿಲ್ಲವೆಂಬುದನ್ನು ಶ್ರೀಗಳವರು ಹೀಗೆ ತೋರಿಸಿಕೊಟ್ಟರು.

ಅಡಿಗೆಮನೆಯೂ ಅವರ ಚರಿತ್ರೆಯಲ್ಲಿ ಸೇರಿದೆ. ಕಡಲೆ, ಬೆಲ್ಲ, ತೆಂಗಿನಕಾಯಿ, ತುಪ್ಪಗಳಿಂದ ಸಿದ್ಧವಾದ ನೈವೇದ್ಯವನ್ನು ಶ್ರೀಗಳವರು ತಲೆಯ ಮೇಲೆ ಹಿಡಿದು ಕುಳಿತಾಗ ಹಯಗ್ರೀವದೇವರು ಬಿಳಿಯ ಕುದುರೆಯ ರೂಪದಿಂದ ಬಂದು ಸ್ವೀಕರಿಸುತ್ತಿದ್ದರೆಂಬುದು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತಿರುವ ಕಥೆ. ಆ ಭಕ್ಷ್ಯವು ಇಂದಿಗೂ ಹಯಗ್ರೀವವೆಂಬ ಹೆಸರಿನಿಂದಲೇ ನಮ್ಮ ಎಲೆಯ ಮೇಲೆ ಬೀಳುತ್ತಿದೆ.

ಉಡುಪಿಯ ಪರ್ಯಾಯ ವ್ಯವಸ್ಥೆಯೂ ಶ್ರೀಗಳವರ ದೂರದೃಷ್ಟಿಯ ಫಲ. ಮೊದಲು ಅಷ್ಟಮಠಗಳ ಯತಿಗಳು ಎರಡೆರಡು ತಿಂಗಳು ಶ್ರೀಕೃಷ್ಣನ ಪೂಜೆ ನಡೆಸುತ್ತಿದ್ದರು. ಅಲ್ಪಾವಧಿಯಲ್ಲಿಯೇ ಮತ್ತೆ ಸರದಿ ಬರುತ್ತಿದ್ದುದರಿಂದ ದೂರದ ಸಂಚಾರಕ್ಕೂ ಧರ್ಮಪ್ರಸಾರಕ್ಕೂ ಅವಕಾಶ ಸಾಲುತ್ತಿರಲಿಲ್ಲ. 1522ರಲ್ಲಿ ಶ್ರೀಗಳವರು ಅದನ್ನು ಎರಡು ವರ್ಷಗಳ ಪರ್ಯಾಯವನ್ನಾಗಿ ಮಾರ್ಪಡಿಸಿದರೆಂದು ಸಂಪ್ರದಾಯ ಹೇಳುತ್ತದೆ. ಒಂದು ಮಠಕ್ಕೆ ಪೂಜೆ ಎರಡು ವರ್ಷ, ಸಂಚಾರ ಮತ್ತು ಅಧ್ಯಯನಕ್ಕೆ 14 ವರ್ಷ. ಬಾಳೆಮುಹೂರ್ತ, ಅಕ್ಕಿಮುಹೂರ್ತ, ಕಟ್ಟಿಗೆಮುಹೂರ್ತ, ಭತ್ತದ ಮುಹೂರ್ತಗಳೆಂದು ಬಹುಕಾಲ ಮೊದಲೇ ಸಿದ್ಧತೆ ನಡೆದು, ಊರಿಗೆ ಊರೇ ಕೈಜೋಡಿಸುವ ಆ ಮಹೋತ್ಸವ ಇಂದಿಗೂ ತಪ್ಪಿಲ್ಲ.

ಶ್ರೀಗಳವರು ತಮ್ಮ ನೆಲೆಯನ್ನಾಗಿ ಆರಿಸಿಕೊಂಡದ್ದು ಸೋದೆಯನ್ನು. ಅಲ್ಲಿನ ಅರಸನಾದ ಅರಸಪ್ಪನಾಯಕನು ಅವರಲ್ಲಿ ಅಪಾರ ಭಕ್ತಿಯುಳ್ಳವನಾಗಿದ್ದನು. ಬದರಿಯಿಂದ ಭೂತರಾಜರು ತಂದರೆಂದು ನಂಬಲಾದ ತ್ರಿವಿಕ್ರಮದೇವರ ಪ್ರತಿಷ್ಠೆ ಅಲ್ಲಿ ನಡೆಯಿತು. ಕುಂಭಾಸಿಯ ಮಠವೆಂದು ಹೆಸರಾಗಿದ್ದುದು ಸೋದೆಯ ಮಠವೆಂದು ಪ್ರಸಿದ್ಧವಾಯಿತು. 1600ರಲ್ಲಿ, 120 ವರ್ಷಗಳನ್ನು ಪೂರೈಸಿದ ಶ್ರೀಗಳವರು ಧವಳಗಂಗೆಯ ಸಾನ್ನಿಧ್ಯದಲ್ಲಿ ಸಶರೀರರಾಗಿ ವೃಂದಾವನವನ್ನು ಪ್ರವೇಶಿಸಿದರೆಂಬುದು ಭಕ್ತರ ದೃಢವಾದ ನಂಬಿಕೆ. ಪಂಚವೃಂದಾವನಗಳ ಆ ಸನ್ನಿಧಿಯಲ್ಲಿ ಇಂದಿಗೂ ಸೇವೆ ನಡೆಯುತ್ತಿದೆ.

ಹದಿನೆಂಟನೆಯ ಶತಮಾನದಲ್ಲಿ ಹೈದರಾಲಿಯ ಸೈನ್ಯವು ಸೋದೆಯನ್ನು ವಶಪಡಿಸಿಕೊಂಡಿತು. ಅರಸನು ಗೋವೆಯ ಆಶ್ರಯವನ್ನು ಸೇರಿದನು. ಬೊಕ್ಕಸ ಹೋಯಿತು, ಸಿಂಹಾಸನ ಹೋಯಿತು. ಶ್ರೀಗಳವರು ಜನರ ನಾಲಗೆಯಲ್ಲಿ ಇರಿಸಿದ್ದ ಹಾಡನ್ನು ಮಾತ್ರ ಯಾವ ಸೈನ್ಯವೂ ಸೂರೆ ಮಾಡಲಾರದೆ ಹೋಯಿತು.

ಆದರೆ ಶತ್ರು ಕಸಿಯಲಾರದುದನ್ನು ನಾವೇ ಕೈಬಿಡುತ್ತಿರುವೆವೋ ಎಂಬ ಶಂಕೆ ಮೂಡುತ್ತದೆ. ಈಚಿನ ಮದುವೆಗಳಲ್ಲಿ ಲಕ್ಷ್ಮೀಶೋಭಾನವು ಧ್ವನಿವರ್ಧಕದಿಂದ ಕೇಳಿಸುತ್ತದೆ. ಹಸೆಯ ಮುಂದೆ ಕುಳಿತ ಮುತ್ತೈದೆಯರು ಮೌನವಾಗಿರುತ್ತಾರೆ. ಅಜ್ಜಿಯ ಬಾಯಲ್ಲಿದ್ದುದು ಮೊಮ್ಮಗಳ ಬಾಯಿಗೆ ಬಾರದಿದ್ದರೆ ಆ ಮನೆಯ ಮಟ್ಟಿಗೆ ಪರಂಪರೆಯು ಅಲ್ಲಿಗೇ ಮುಗಿಯಿತು. ಪುಸ್ತಕವು ಕಪಾಟಿನಲ್ಲಿದ್ದ ಮಾತ್ರಕ್ಕೆ ಹಾಡು ಉಳಿಯಲಾರದು.

ಆದುದರಿಂದ ಈ ಆರಾಧನೆಯ ನಿಮಿತ್ತವಾಗಿ ಪ್ರತಿಯೊಂದು ಮನೆಯವರೂ ಒಂದು ಸಂಕಲ್ಪ ಮಾಡುವುದು ಉಚಿತ. ಶುಕ್ರವಾರ ಸಂಜೆ ದೀಪ ಹಚ್ಚಿದ ಮೇಲೆ ಹಿರಿಯರು ಶೋಭಾನದ ಎರಡು ನುಡಿಗಳನ್ನು ಹೇಳಿಕೊಡಲಿ, ಕಿರಿಯರು ಕಲಿಯಲಿ. ರಾಗ ತಪ್ಪಿದರೂ ಚಿಂತೆಯಿಲ್ಲ. ಸೋದೆಗೆ ಹೋಗಿ ಬರುವ ಭಾಗ್ಯ ಎಲ್ಲರಿಗೂ ಪ್ರತಿವರ್ಷ ಒದಗಲಾರದು. ಮನೆಯಲ್ಲಿ ಕುಳಿತು ಹಾಡುವ ಭಾಗ್ಯವು ಎಲ್ಲರಿಗೂ ಇದೆ. ಹಾಡು ಉಳಿದಷ್ಟು ಕಾಲ ಶ್ರೀಗಳವರ ಸನ್ನಿಧಾನವು ನಮ್ಮ ಮನೆಗಳಲ್ಲಿಯೂ ಇರುವುದು.

ಶ್ರೀಕೃಷ್ಣಾರ್ಪಣಮಸ್ತು.