ಮನೆ ಮಾರಿ ಮುದ್ರಣಾಲಯ ತೆರೆದ ವಕೀಲರು

ಬೆಳಿಗ್ಗೆ ಏಳು ಗಂಟೆಗೆ ಮಂಗಳೂರು ಅಥವಾ ಉಡುಪಿಯ ಯಾವುದಾದರೂ ದೊಡ್ಡ ಜಂಕ್ಷನ್ನಿನಲ್ಲಿ ನಿಂತು ನೋಡಿದರೆ, ಬುತ್ತಿ ಹಿಡಿದು ಮೇಸ್ತ್ರಿಯನ್ನು ಕಾಯುತ್ತಿರುವ ಗಂಡಸರು, ಹೆಂಗಸರು ಕಾಣಸಿಗುತ್ತಾರೆ. ಅವರಲ್ಲಿ ಅನೇಕರು ವಿಜಯಪುರ, ಬಾಗಲಕೋಟೆ ಕಡೆಯವರು. ನಮ್ಮ ಮನೆಗಳ ಅಡಿಪಾಯ ಅಗೆದವರು, ಕಲ್ಲು ಹೊತ್ತವರು ಇವರೇ. ಆದರೂ ಆ ಊರಿನ ಜನರಿಗೆ ದುಡಿಯುವ ಮನಸ್ಸಿಲ್ಲ, ಅದಕ್ಕೇ ಅಲ್ಲಿ ಬಡತನ ಎಂಬ ಮಾತು ನಮ್ಮ ಕರಾವಳಿಯ ಮನೆಗಳಲ್ಲಿ, ಕೆಲವೊಮ್ಮೆ ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿಯೂ, ಕೇಳಿಬರುವುದುಂಟು. ನಾವೂ ಅದನ್ನು ಕೇಳಿ ಸುಮ್ಮನಿದ್ದೇವೆ.

ಈ ಮಾತಿಗೆ ಬೈಬಲಿನ ಬೆಂಬಲವಿದೆಯೆಂದು ಕೆಲವರು ತಿಳಿದಿದ್ದಾರೆ. ಜ್ಞಾನೋಕ್ತಿಗಳ ಗ್ರಂಥದಲ್ಲಿ ಸೋಮಾರಿಯ ಚಿತ್ರಗಳು ಅನೇಕ. ತಿರುಗಣಿಯ ಮೇಲಿನ ಬಾಗಿಲಿನಂತೆ ಹಾಸಿಗೆಯಲ್ಲೇ ಹೊರಳುವವನು, ಬೀದಿಯಲ್ಲಿ ಸಿಂಹವಿದೆಯೆಂದು ನೆಪ ಹೇಳಿ ಮನೆಯಲ್ಲೇ ಉಳಿಯುವವನು, ತಟ್ಟೆಯೊಳಗಿಟ್ಟ ಕೈಯನ್ನು ಬಾಯಿಗೆ ಒಯ್ಯಲೂ ಬೇಸರಪಡುವವನು ಎಲ್ಲರೂ 26ನೇ ಅಧ್ಯಾಯದಲ್ಲಿದ್ದಾರೆ. 24ನೇ ಅಧ್ಯಾಯದಲ್ಲಿ ಜ್ಞಾನಿಯು ಆಲಸಿಯೊಬ್ಬನ ದ್ರಾಕ್ಷಿತೋಟದ ಪಕ್ಕದಲ್ಲಿ ಹಾದುಹೋಗುತ್ತಾನೆ. ಅಲ್ಲಿ ಮುಳ್ಳು ಬೆಳೆದಿದೆ, ಕಲ್ಲಿನ ಗೋಡೆ ಕುಸಿದಿದೆ. ಆಲಸ್ಯದಿಂದ ಬಡತನ ಬರುತ್ತದೆಂದು ಆ ಗ್ರಂಥ ಹೇಳುವುದು ನಿಜ. ಬಡವರೆಲ್ಲ ಆಲಸಿಗಳೆಂದು ಮಾತ್ರ ಅದು ಎಲ್ಲಿಯೂ ಹೇಳುವುದಿಲ್ಲ. ಬಡವನ ಭೂಮಿ ಚೆನ್ನಾಗಿ ಬೆಳೆಯಬಲ್ಲದು, ಅನ್ಯಾಯವು ಅದನ್ನು ಕೊಚ್ಚಿಕೊಂಡು ಹೋಗುತ್ತದೆ ಎಂಬ ಅರ್ಥದ ಮಾತು ಅದೇ ಗ್ರಂಥದ 13ನೇ ಅಧ್ಯಾಯದಲ್ಲಿದೆ. ಈ ವಾಕ್ಯವನ್ನು ನಾವು ಪ್ರಸಂಗಗಳಲ್ಲಿ ಕೇಳಿದ್ದು ಬಹಳ ಕಡಿಮೆ.

ವಿಜಯಪುರದಿಂದ ಪಶ್ಚಿಮಕ್ಕೆ ಹೋದರೆ ತಿಕೋಟಾ, ನೈಋತ್ಯಕ್ಕೆ ಹೋದರೆ ಬಬಲೇಶ್ವರ. ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೆ ಅಲ್ಲಿ ಬೀಳುವುದು ಸುಮಾರು 600 ಮಿಲಿಮೀಟರ್, ಅದೂ ಕೆಲವು ವರ್ಷ ಇಲ್ಲ. ಹಿಂಗಾರಿನಲ್ಲಿ ಬಿಳಿಜೋಳ ಬಿತ್ತಿ, ಎರೆಮಣ್ಣಿನ ಹಸಿಯನ್ನೇ ನಂಬಿ ಕಾಯುವ ಬೇಸಾಯ ಅದು. ಇತ್ತೀಚಿನ ವರ್ಷಗಳಲ್ಲಿ ತುಬಚಿ-ಬಬಲೇಶ್ವರ ಏತ ನೀರಾವರಿಯಂಥ ಯೋಜನೆಗಳಿಂದ ಕೃಷ್ಣೆಯ ನೀರು ಆ ಕಡೆಯ ಕೆರೆಗಳಿಗೆ ಹರಿದಿದೆ. ತಿಕೋಟಾ ಭಾಗದಲ್ಲಿ ಇಂದು ದ್ರಾಕ್ಷಿತೋಟಗಳಿವೆ, ಒಣದ್ರಾಕ್ಷಿ ತಯಾರಾಗುತ್ತದೆ. ಜನ ಬದಲಾಗಲಿಲ್ಲ, ಕೈಗಳೂ ಅವೇ. ನೀರು ಬಂತು, ಅಷ್ಟೇ.

ಈ ನೆಲದಲ್ಲಿ ದುಡಿಮೆ ಎಂದರೇನು, ಮೂರ್ಖತನ ಎಂದರೇನು ಎಂಬುದನ್ನು ತಮ್ಮ ಬದುಕಿನಿಂದಲೇ ತೋರಿಸಿಕೊಟ್ಟವರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ನಾಡಿಗೆ ಅವರು ಫ.ಗು. ಹಳಕಟ್ಟಿ, ವಚನ ಪಿತಾಮಹ. ಅವರು ಕ್ರೈಸ್ತರಲ್ಲ, ಶರಣ ಧರ್ಮದಲ್ಲಿ ಹುಟ್ಟಿ ಅದರಲ್ಲೇ ಬಾಳಿದವರು. ಆದರೂ ಅವರ ಬದುಕು ನಮ್ಮ ಕರಾವಳಿಯನ್ನು ಒಮ್ಮೆ ಮುಟ್ಟಿ ಹೋಗಿದೆ. ಅದನ್ನು ಮುಂದೆ ಹೇಳುತ್ತೇವೆ.

1880ರ ಜುಲೈ 2ರಂದು ಧಾರವಾಡದಲ್ಲಿ ಅವರ ಜನನ. ಕೆಲವೇ ವರ್ಷಗಳ ಹಿಂದೆ, 1876-78ರಲ್ಲಿ, ಆ ಸೀಮೆಯನ್ನೆಲ್ಲ ಮಹಾಕ್ಷಾಮ ಬರಿದು ಮಾಡಿತ್ತು. ತಂದೆ ಗುರುಬಸಪ್ಪನವರು ಶಿಕ್ಷಕರೂ ಬರಹಗಾರರೂ ಆಗಿದ್ದರು. ಮಗ ಮುಂಬಯಿಗೆ ಹೋಗಿ ಯೇಸುಸಭೆಯ ಗುರುಗಳು ನಡೆಸುತ್ತಿದ್ದ ಸಂತ ಝೇವಿಯರ್ ಕಾಲೇಜಿನಲ್ಲಿ ಓದಿದರು, ಬಳಿಕ ಕಾನೂನು ಪದವಿ ಪಡೆದರು. 1904ರಲ್ಲಿ ಬೆಳಗಾವಿಯಲ್ಲಿ ವಕೀಲಿ ಆರಂಭಿಸಿ, ಬೇಗನೇ ಅಂದಿನ ಬಿಜಾಪುರಕ್ಕೆ ಬಂದು ನೆಲೆಸಿದರು. (ಊರಿಗೆ ವಿಜಯಪುರವೆಂಬ ಹೆಸರು ಅಧಿಕೃತವಾದದ್ದು 2014ರಲ್ಲಿ.)

ವಕೀಲಿ ಚೆನ್ನಾಗಿ ನಡೆಯಿತು. ಅಷ್ಟಕ್ಕೇ ನಿಂತಿದ್ದರೆ ಸುಖವಾಗಿ ಬಾಳಬಹುದಿತ್ತು. ಅವರು ಮಾತ್ರ ಊರಿನ ಕೊರತೆಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡರು. 1910ರಲ್ಲಿ ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆಯ ಸ್ಥಾಪನೆಗೆ ಕಾರಣರಾದರು, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಕಟ್ಟಿದರು. ರೈತರಿಗಾಗಿ, ನೇಕಾರರಿಗಾಗಿ ಸಹಕಾರ ಸಂಘಗಳ ಕೆಲಸ ಮಾಡಿದರು. ಮಳೆಯನ್ನು ನಂಬಿದ ಒಕ್ಕಲಿಗ ಒಂದು ಬರಗಾಲಕ್ಕೆ ಸಾಲಗಾರನಾಗಿ, ಮರುವರ್ಷದ ಬೆಳೆಯನ್ನು ಸಾಹುಕಾರನ ಮನೆಗೆ ಹಾಕುವ ಕಾಲ ಅದು. ಅಂಥವನಿಗೆ ಇರುವೆಯನ್ನು ನೋಡಿ ಕಲಿ ಎಂದು ಬುದ್ಧಿ ಹೇಳುವುದು ಸುಲಭ. ನ್ಯಾಯದ ಬಡ್ಡಿಗೆ ಸಾಲ ಸಿಗುವಂತೆ ಮಾಡುವುದು ಕಷ್ಟ. ಹಳಕಟ್ಟಿಯವರು ಕಷ್ಟದ ದಾರಿಯನ್ನೇ ಹಿಡಿದರೆಂದು ನಮಗೆ ತೋರುತ್ತದೆ.

ಇದರ ನಡುವೆ ಇನ್ನೊಂದು ಹುಚ್ಚು ಹತ್ತಿಕೊಂಡಿತು. ಹನ್ನೆರಡನೇ ಶತಮಾನದ ಶರಣರ ವಚನಗಳು ತಾಳೆಗರಿಗಳಲ್ಲಿ, ಮಠಗಳಲ್ಲಿ, ಮನೆಗಳ ಅಟ್ಟಗಳ ಮೇಲೆ ಗೆದ್ದಲಿಗೆ ಆಹಾರವಾಗುತ್ತಿದ್ದವು. ರಜೆ ಸಿಕ್ಕಾಗಲೆಲ್ಲ ಹಳಕಟ್ಟಿಯವರು ಊರೂರು ಅಲೆದರು. ಕೆಲವರು ಕಟ್ಟುಗಳನ್ನು ಕೊಟ್ಟರು, ಕೆಲವರು ಪೂಜೆಯ ವಸ್ತುವೆಂದು ಮುಟ್ಟಗೊಡಲಿಲ್ಲ. ಸಿಕ್ಕಿದ್ದನ್ನು ಮನೆಗೆ ತಂದು, ದೀಪದ ಬೆಳಕಿನಲ್ಲಿ ಅಕ್ಷರ ಬಿಡಿಸಿ ನಕಲು ಮಾಡಿದರು. ಹೀಗೆ ಇಪ್ಪತ್ತು ವರ್ಷ.

ಸಿದ್ಧವಾದ ಹಸ್ತಪ್ರತಿಯನ್ನು ಎಲ್ಲಿ ಅಚ್ಚು ಹಾಕಿಸುವುದು? ಕನ್ನಡ ಮುದ್ರಣಕ್ಕೆ ಆಗ ದೊಡ್ಡ ಹೆಸರು ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದ್ದು. 1841ರಲ್ಲಿ ಆರಂಭವಾದ, ಕಿಟ್ಟೆಲರ ನಿಘಂಟನ್ನು 1894ರಲ್ಲಿ ಹೊರತಂದ ಮುದ್ರಣಾಲಯ ಅದು. ಹಳಕಟ್ಟಿಯವರು ಮುಂಗಡ ಹಣದೊಂದಿಗೆ ಹಸ್ತಪ್ರತಿಯನ್ನು ಅಲ್ಲಿಗೆ ಕಳುಹಿಸಿದರೆಂದೂ, ಕೆಲವು ಕಾಲದ ಬಳಿಕ ಅದು ಅಚ್ಚಾಗದೆ ಹಿಂದಕ್ಕೆ ಬಂತೆಂದೂ ಅವರ ಜೀವನವನ್ನು ಬರೆದವರು ಹೇಳುತ್ತಾರೆ. ವಚನಗಳ ವಿಚಾರ ಬೈಬಲಿನ ಬೋಧನೆಗೆ ಬಹಳ ಹತ್ತಿರವಿದ್ದದ್ದೇ ಕಾರಣವಂತೆ. ಹತ್ತಿರವಿದ್ದದ್ದು ಸಂತೋಷಕ್ಕೆ ಕಾರಣವಾಗಬೇಕಿತ್ತಲ್ಲವೇ ಎಂದು ಇಂದು ನಮಗನಿಸುತ್ತದೆ. ಕೊನೆಗೆ ವಚನಶಾಸ್ತ್ರಸಾರದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಗಿ 1923ರಲ್ಲಿ ಹೊರಬಂತು.

ಹತ್ತಿರವೆಂದರೆ ಎಷ್ಟು ಹತ್ತಿರ? ಆಯ್ದಕ್ಕಿ ಮಾರಯ್ಯನ ಕಥೆ ನೋಡೋಣ. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಹೆಂಡತಿ ಲಕ್ಕಮ್ಮ ಹಿಂದಕ್ಕೆ ಕಳುಹಿಸಿದಳು. ವಿಮೋಚನಾಕಾಂಡದಲ್ಲಿ ಮನ್ನವನ್ನು ನಾಳೆಗೆಂದು ಕೂಡಿಟ್ಟವರ ಪಾತ್ರೆಯಲ್ಲಿ ಹುಳ ಬಿದ್ದದ್ದು ನೆನಪಾಗುತ್ತದೆ. ಸಿರಾಖನ ಗ್ರಂಥದ 38ನೇ ಅಧ್ಯಾಯದಲ್ಲಿ ಉಳುವವನು, ಕಮ್ಮಾರ, ಕುಂಬಾರ ಇವರೆಲ್ಲ ಬರುತ್ತಾರೆ. ಅವರಿಲ್ಲದೆ ಊರು ನಿಲ್ಲದು, ಅವರ ಕಸುಬೇ ಅವರ ಪ್ರಾರ್ಥನೆ ಎಂಬುದು ಅಲ್ಲಿನ ತಾತ್ಪರ್ಯ. ಒಂದು ಇನ್ನೊಂದರಿಂದ ಬಂದದ್ದಲ್ಲ. ದುಡಿಯುವ ಜನರ ನಡುವೆ ದೇವರನ್ನು ಹುಡುಕಿದವರು ಬೇರೆ ಬೇರೆ ಕಾಲದಲ್ಲಿ ಒಂದೇ ಕಡೆಗೆ ಬಂದು ತಲುಪಿದ್ದಾರೆ, ಅಷ್ಟೇ.

ಪರರ ಮುದ್ರಣಾಲಯವನ್ನು ನಂಬಿದರೆ ಕೆಲಸ ಸಾಗದೆಂದು ಹಳಕಟ್ಟಿಯವರಿಗೆ ಮನವರಿಕೆಯಾಯಿತು. 1925ರಲ್ಲಿ ತಮ್ಮ ಸ್ವಂತ ಮನೆಯನ್ನು ಮಾರಿ, ಬಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಮರುವರ್ಷ ಶಿವಾನುಭವ ಎಂಬ ಪತ್ರಿಕೆ, 1927ರಲ್ಲಿ ನವಕರ್ನಾಟಕ ಎಂಬ ವಾರಪತ್ರಿಕೆ. 1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಸಮ್ಮೇಳನದ ಅಧ್ಯಕ್ಷರು ಊರಿಗೆ ಮರಳಿದರೆ ಬಾಡಿಗೆ ಮನೆಯ ಯಜಮಾನರು! ಪ್ರೂಫ್ ತಿದ್ದುವುದರಿಂದ ಹಿಡಿದು ಪತ್ರಿಕೆಯ ಕಟ್ಟುಗಳನ್ನು ಸೈಕಲ್ ಮೇಲೆ ಸಾಗಿಸುವವರೆಗೆ ಎಲ್ಲಕ್ಕೂ ಅವರೇ ನಿಂತರು. ಚಂದಾದಾರರು ಕಡಿಮೆ, ಸಾಲ ಹೆಚ್ಚು. ಕೋಟಿಗೆ ತೇಪೆ ಬಿತ್ತು. ವಕೀಲಿಯಲ್ಲಿ ಗಳಿಸಿದ್ದೆಲ್ಲ ಮೊಳೆ, ಶಾಯಿ, ಕಾಗದಕ್ಕೆ ಹೋಯಿತು. ಈ ತ್ಯಾಗದ ಭಾರ ಅವರೊಬ್ಬರ ಮೇಲೆ ಮಾತ್ರ ಬೀಳಲಿಲ್ಲ, ಪತ್ನಿ ಭಾಗೀರಥಿಬಾಯಿಯವರೂ ಮಕ್ಕಳೂ ಅದನ್ನು ಹೊತ್ತರು. ಜೀವನಚರಿತ್ರೆಗಳಲ್ಲಿ ಅವರಿಗೆ ಸಿಗುವ ಜಾಗ ಕಡಿಮೆಯೇ.

ಇದು ಮೂರ್ಖತನವಲ್ಲವೇ ಎಂದು ಲೋಕ ಕೇಳುತ್ತದೆ. ನಮ್ಮ ಮಕ್ಕಳು ಹೀಗೆ ಮಾಡಿದರೆ ನಾವೂ ಕೇಳುತ್ತೇವೆ. ಆದರೆ ಸಂತ ಲೂಕರ ಶುಭಸಂದೇಶದ 12ನೇ ಅಧ್ಯಾಯದಲ್ಲಿ ಮೂರ್ಖನೆನಿಸಿಕೊಂಡವನು ಮನೆ ಮಾರಿದವನಲ್ಲ. ಚೆನ್ನಾಗಿ ಬೆಳೆದು, ಹಳೆಯ ಕಣಜ ಕೆಡವಿ ದೊಡ್ಡದನ್ನು ಕಟ್ಟಿಸಲು ಹೊರಟ ಶ್ರೀಮಂತ. ಅವನು ಸೋಮಾರಿಯೂ ಅಲ್ಲ. ಬೆವರು ಸುರಿಸಿಯೂ ಮೂರ್ಖನಾಗಿ ಉಳಿಯಬಹುದೆಂಬುದು ಅಲ್ಲಿ ನಮ್ಮನ್ನು ತಡೆದು ನಿಲ್ಲಿಸುವ ಸಂಗತಿ. ಹಾಗೆಯೇ ಸಂತ ಪೌಲರು ಥೆಸಲೋನಿಕದವರಿಗೆ ಬರೆದಾಗ ಊಟದ ಹಕ್ಕಿಲ್ಲವೆಂದು ಹೇಳಿದ್ದು ದುಡಿಯಲು ಒಲ್ಲದವನಿಗೆ, ದುಡಿಮೆ ಸಿಗದವನಿಗಲ್ಲ.

ಹಳಕಟ್ಟಿಯವರಿಗಿಂತ ಮುಂಚೆ ಬೆರಳೆಣಿಕೆಯ ವಚನಕಾರರನ್ನಷ್ಟೇ ನಾಡು ಓದಿ ಬಲ್ಲದಾಗಿತ್ತು. ಅವರ ಶ್ರಮದಿಂದ ಇನ್ನೂರಕ್ಕೂ ಹೆಚ್ಚು ಶರಣರ ಹೆಸರುಗಳು ಬೆಳಕಿಗೆ ಬಂದವು. ಅಂಬಿಗ, ಮಡಿವಾಳ, ಹಗ್ಗ ಹೊಸೆಯುವವ, ಬುಟ್ಟಿ ಹೆಣೆಯುವವ, ಹೆಚ್ಚಿನವರು ಕೈಕೆಲಸದವರೇ. ಬಿಜಾಪುರಕ್ಕೆ ಗೋಳಗುಮ್ಮಟ ನೋಡಲು ಬರುವವರು ಇಲ್ಲಿನ ವಚನ ಗುಮ್ಮಟವನ್ನೂ ನೋಡಬೇಕೆಂದು ಬಿ.ಎಂ. ಶ್ರೀಕಂಠಯ್ಯನವರು ಹಳಕಟ್ಟಿಯವರನ್ನು ಕುರಿತು ಹೇಳುತ್ತಿದ್ದರಂತೆ.

1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಆಗ ಅವರಿಗೆ ಎಪ್ಪತ್ತಾರು ವರ್ಷ. ಅದರ ನಂತರವೂ ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. 1964ರ ಜೂನ್ ತಿಂಗಳಲ್ಲಿ ವಿಜಯಪುರದಲ್ಲಿ ತೀರಿಕೊಂಡರು. ಇಂದು ಆ ಊರಿನಲ್ಲಿ ಅವರ ಹೆಸರಿನ ಇಂಜಿನಿಯರಿಂಗ್ ಕಾಲೇಜೂ ಸಂಶೋಧನ ಕೇಂದ್ರವೂ ಇವೆ. ತಿಕೋಟಾ, ಬಬಲೇಶ್ವರದ ಒಕ್ಕಲು ಮಕ್ಕಳು ಬಸ್ಸು ಹಿಡಿದು ಅಲ್ಲಿಗೆ ಓದಲು ಬರುತ್ತಾರೆ.